ಸೋತವಳಿಗೆ ಮುಂದಿನ ವಾರ ಬೇಕು

ಸಂಪಾದಕರಿಗೆ ನಮಸ್ಕಾರ.

ಏಷ್ಯಾದ ಹೆಣ್ಣುಮಕ್ಕಳು ಗಾಲ್ಫ್ ಮೇಜರ್‌ಗಳನ್ನು, ಅಂದರೆ ವರ್ಷದ ಅತಿ ದೊಡ್ಡ ಟೂರ್ನಿಗಳನ್ನು, ಗೆದ್ದ ಬಗ್ಗೆ ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನ ಓದಿದೆ. ಕ್ರಿಕೆಟ್ ನಡೆದಿರುವಾಗಲೂ ಇದಕ್ಕೆ ಅರ್ಧ ಪುಟ ಬಿಟ್ಟುಕೊಟ್ಟಿದ್ದೀರಿ, ಸಂತೋಷ. ಆದರೆ ಥಾಯ್ಲೆಂಡಿನ ಅರಿಯಾ ಜುಟಾನುಗಾರ್ನ್ ಕತೆಯನ್ನು ಎರಡು ಸಾಲಿನಲ್ಲಿ ಮುಗಿಸಿ, ಇಪ್ಪತ್ತರ ಹುಡುಗಿ ಎಲ್ಲಿಂದಲೋ ಬಂದು 2016ರ ಬ್ರಿಟಿಷ್ ಓಪನ್ ಎತ್ತಿಕೊಂಡು ಹೋದಳು ಎಂಬಂತೆ ಬರೆದದ್ದು ನನಗೆ ಸರಿಬರಲಿಲ್ಲ. ಆಕೆ ಸೋತು ಸೋತು ಬಂದವಳು. ಆ ಭಾಗ ಬಿಟ್ಟರೆ ಈ ಗೆಲುವಿನಲ್ಲಿ ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡುವಂಥದ್ದು ಏನೂ ಉಳಿಯುವುದಿಲ್ಲ.

2013ರ ಫೆಬ್ರವರಿಯಲ್ಲಿ ತನ್ನದೇ ದೇಶದಲ್ಲಿ ನಡೆದ ಟೂರ್ನಿಯ ಕೊನೆಯ ಹೋಲ್‌ಗೆ, ಅಂದರೆ ಚೆಂಡು ಹಾಕಬೇಕಾದ ಕೊನೆಯ ಕುಳಿಗೆ, ಬಂದಾಗ ಆಕೆ ಎರಡು ಸ್ಟ್ರೋಕ್ (ಹೊಡೆತ) ಮುಂದಿದ್ದಳು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆಲ್ಲುವ ಆಟ ಇದು. ವಯಸ್ಸು ಹದಿನೇಳು. ಅದೊಂದೇ ಹೋಲ್‌ನಲ್ಲಿ ಟ್ರಿಪಲ್ ಬೋಗಿ, ಅಂದರೆ ನಿಗದಿಗಿಂತ ಮೂರು ಹೊಡೆತ ಜಾಸ್ತಿ. ಒಂದು ಸ್ಟ್ರೋಕ್‌ನಿಂದ ಕಪ್ ಹೋಯಿತು. ಅದೇ ವರ್ಷ ಅಕ್ಕ ಮೊರಿಯಾಳ ಜೊತೆ ಹುಡುಗಾಟ ಮಾಡುತ್ತ ಇಳಿಜಾರಿನಲ್ಲಿ ಬಿದ್ದು ಭುಜಕ್ಕೆ ಆಪರೇಷನ್. 2015ರಲ್ಲಿ ಸತತ ಹತ್ತು ಟೂರ್ನಿಗಳಲ್ಲಿ ಹಿಂದುಳಿದವರನ್ನು ನಡುವೆಯೇ ಹೊರಗಿಡುವ ಕಟ್ ದಾಟಲಾಗದೆ ಅರ್ಧಕ್ಕೇ ಗಂಟುಮೂಟೆ. 2016ರ ಏಪ್ರಿಲ್‌ನಲ್ಲಿ ವರ್ಷದ ಮೊದಲ ಮೇಜರ್. ಮೂರು ಹೋಲ್ ಬಾಕಿ, ಎರಡು ಸ್ಟ್ರೋಕ್ ಮುನ್ನಡೆ. ಮೂರರಲ್ಲೂ ಬೋಗಿ (ನಿಗದಿಗಿಂತ ಒಂದು ಹೊಡೆತ ಜಾಸ್ತಿ) ಹೊಡೆದು ನಾಲ್ಕನೇ ಸ್ಥಾನಕ್ಕೆ ಇಳಿದಳು. ಕಪ್ ನ್ಯೂಜಿಲೆಂಡಿನ ಲಿಡಿಯಾ ಕೋ ಪಾಲಾಯಿತು. ಮುಂದಿನ ತಿಂಗಳೇ ಸಾಲಾಗಿ ಮೂರು ಟೂರ್ನಿ ಗೆದ್ದಳು. ಜುಲೈನಲ್ಲಿ ಇಂಗ್ಲೆಂಡಿನ ವೋಬರ್ನ್‌ನಲ್ಲಿ ಆ ಬ್ರಿಟಿಷ್ ಓಪನ್: 16 ಅಂಡರ್, ಅಂದರೆ ನಿಗದಿಗಿಂತ 16 ಹೊಡೆತ ಕಡಿಮೆ, ಮೂರು ಸ್ಟ್ರೋಕ್ ಅಂತರದ ಗೆಲುವು. ಗಂಡಸರನ್ನೂ ಸೇರಿಸಿ ಥಾಯ್ಲೆಂಡಿಗೆ ಅದೇ ಮೊದಲ ಮೇಜರ್. ಅದೂ ದೂರ ಬಾರಿಸುವ ಡ್ರೈವರ್ ಕೋಲು ಮುಟ್ಟದೆ, ಅದಕ್ಕಿಂತ ಕಡಿಮೆ ದೂರದ 2 ಐರನ್, 3 ವುಡ್ ಕೋಲುಗಳಲ್ಲೇ ಟೀ ಶಾಟ್ (ಹೋಲ್‌ನ ಮೊದಲ ಹೊಡೆತ) ಹೊಡೆದು. ಹದ್ದು ಮೀರಿ ಬಲ ಇದ್ದವರು ಅದನ್ನು ಹಿಡಿದಿಟ್ಟುಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಆಟ ಕಲಿಸಿದವರಿಗೆ ಗೊತ್ತು.

ನಾನು ಗಾಲ್ಫ್ ಕಣ್ಣಾರೆ ಕಂಡವಳಲ್ಲ. 2021ರ ಆಗಸ್ಟ್ 7ರ ನಸುಕಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕಕ್ಕೆ ಆಡುತ್ತಿದ್ದಾಗ ಟಿ.ವಿ. ಮುಂದೆ ಕೂತು ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ), ಬೋಗಿ ಕಲಿತವಳು. ಅಂದು ಆಕೆಯ ಚೀಲ ಹೊತ್ತು ಹಿಂದೆ ಹಿಂದೆ ನಡೆದವರು ಹೆತ್ತ ತಾಯಿ. ಒಂದೇ ಸ್ಟ್ರೋಕ್‌ನಿಂದ ಕಂಚು ತಪ್ಪಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯ ದಿನಕ್ಕೆ ಏಳು ಸ್ಟ್ರೋಕ್ ಮುಂದಿದ್ದವಳು 77 ಹೊಡೆದು ಬೆಳ್ಳಿಗೆ ಇಳಿದಾಗ ಪತ್ರಿಕೆಗಳೆಲ್ಲ ಚಿನ್ನ ಕೈತಪ್ಪಿದ್ದನ್ನೇ ಬರೆದವು. ಗಾಲ್ಫ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಏಷ್ಯನ್ ಗೇಮ್ಸ್ ಪದಕ ಗೆದ್ದದ್ದು ಅದೇ ಮೊದಲು ಅನ್ನುವುದು ಕೆಳಗೆಲ್ಲೋ ಸಣ್ಣಕ್ಷರದಲ್ಲಿತ್ತು. ಎರಡು ತಿಂಗಳೊಳಗೆ ಆಕೆ ಸ್ಪೇನ್‌ನಲ್ಲಿ ಟೂರ್ನಿ ಗೆದ್ದಳು. ಅದನ್ನು ಎಷ್ಟು ಜನ ಓದಿದರೋ ಏನೋ.

ಏಳು ಸ್ಟ್ರೋಕ್ ಅಂದಾಗ ಮತ್ತೆ ಅರಿಯಾ ನೆನಪಾಗುತ್ತಾಳೆ. 2018ರ ಅಮೆರಿಕ ಓಪನ್‌ನಲ್ಲಿ, ಅಲಬಾಮಾದ ಶೋಲ್ ಕ್ರೀಕ್‌ನಲ್ಲಿ, ಇನ್ನು ಒಂಬತ್ತೇ ಹೋಲ್ ಇದ್ದಾಗ ಆಕೆಗೂ ಇದ್ದದ್ದು ಏಳರ ಮುನ್ನಡೆ. ಹತ್ತನೆಯದರಲ್ಲಿ ಟ್ರಿಪಲ್ ಬೋಗಿ, ಕೊನೆಯ ಎರಡರಲ್ಲಿ ಬೋಗಿ, ಮುನ್ನಡೆ ಪೂರ್ತಿ ಕರಗಿ ಕೊರಿಯಾದ ಕಿಮ್ ಹ್ಯೋ-ಜೂ ಜೊತೆ ಸರಿಸಮ. ಸಮವಾದವರಿಗೆ ಮತ್ತೆ ಆಡಿಸುವ ಪ್ಲೇಆಫ್‌ನ ನಾಲ್ಕನೇ ಹೋಲ್‌ನಲ್ಲಿ ಅರಿಯಾ ಗೆದ್ದಳು.

ಇದಕ್ಕೆ ಎದೆಗಾರಿಕೆ ಬೇಕು, ನಿಜ. ಆದರೆ ಬರೀ ಎದೆಗಾರಿಕೆ ಅಂದುಬಿಟ್ಟರೆ ಪುಕ್ಕಟೆ ಉಪದೇಶವಾಗುತ್ತದೆ. ಅರಿಯಾ ಆಡುವ ಮಹಿಳಾ ವೃತ್ತಿಪರ ಗಾಲ್ಫ್ ಸರಣಿಯಾದ ಎಲ್‌ಪಿಜಿಎಯಲ್ಲಿ ವರ್ಷಕ್ಕೆ 30ರ ಆಸುಪಾಸು ಟೂರ್ನಿ, ಅದರಲ್ಲಿ ಐದು ಮೇಜರ್. ಇವತ್ತು ಸೋತವಳಿಗೆ ಮುಂದಿನ ವಾರವೋ ಅದರ ಮುಂದಿನ ವಾರವೋ ಇನ್ನೊಂದು ಇದ್ದೇ ಇರುತ್ತದೆ. ನಮ್ಮಲ್ಲಿ ಹಾಗಿಲ್ಲ.

ಚಿತ್ತಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ನಾನಿದ್ದಾಗ 1500 ಮೀಟರ್ ಓಡುವ ಹುಡುಗಿಯೊಬ್ಬಳಿದ್ದಳು. ತಾಲ್ಲೂಕು ಕ್ರೀಡಾಕೂಟದ ದಿನ ಹಿಂದಿನ ರಾತ್ರಿ ಮಳೆ ಬಿದ್ದು ಎರೆ ಮಣ್ಣೆಲ್ಲ ಜಿಗುಟು, ಸುಣ್ಣದ ಗೆರೆ ಅರ್ಧ ಅಳಿಸಿತ್ತು. ಬರಿಗಾಲಲ್ಲಿ ಓಡಿದಳು. ಕೊನೆಯ ಸುತ್ತಿನವರೆಗೂ ಅವಳೇ ಮುಂದೆ. ತಿರುವಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು, ಇಬ್ಬರು ದಾಟಿ ಹೋದರು. ಅತ್ತಳಾ ಅಂದರೆ ಇಲ್ಲ. ಟಂಟಂನಲ್ಲಿ ವಾಪಸ್ ಬರುವಾಗ ಉಗುರಿನ ಸಂದಿಯ ಮಣ್ಣು ಕೆರೆಯುತ್ತ, "ಟೀಚರ್, ಇನ್ನೊಮ್ಮಿ ಯಾವಾಗ ಅದರಿ?" ಅಂದಳು. ಇನ್ನೊಮ್ಮೆ ಅಂದರೆ ಮುಂದಿನ ವರ್ಷ. ಅಷ್ಟರಲ್ಲಿ ಅವಳ ವಯೋಮಿತಿ ಮುಗಿದಿತ್ತು.

ಕಲಬುರಗಿಗೆ ಗಾಲ್ಫ್ ಮೈದಾನ ಮಾಡಿಕೊಡಿ ಅಂತ ನಾನು ಕೇಳುತ್ತಿಲ್ಲ. ಮೇ ತಿಂಗಳಲ್ಲಿ ನಲ್ಲಿಗೆ ಕೊಡ ಹಿಡಿದು ಕಾಯುವ ಊರಿನಲ್ಲಿ ಹುಲ್ಲಿಗೆ ನೀರು ಯಾರು ಬಿಡಬೇಕು! ಕೇಳುವುದು ಇಷ್ಟೇ: ಜೂನ್‌ನಿಂದ ಫೆಬ್ರವರಿವರೆಗೆ ತಿಂಗಳಿಗೊಂದು ಕೂಟ, ಆಯಾ ತಾಲ್ಲೂಕಿನಲ್ಲೇ. ಗೆದ್ದವರಿಗೆ ಮುಂದಿನ ಹಂತ ಅನ್ನುವ ಗೊಡವೆ ಇಲ್ಲದ, ಬರೀ ಓಡಿ ಟೈಮ್ ಬರೆದುಕೊಂಡು ಹೋಗುವ ಕೂಟ. ಸುಣ್ಣ, ಸ್ಟಾಪ್‌ವಾಚ್, ಮಕ್ಕಳಿಗೆ ಊಟ, ಬಸ್ ಚಾರ್ಜು, ಇಷ್ಟಕ್ಕೆ ದುಡ್ಡು ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರು ಮನಸ್ಸು ಮಾಡಿದರೆ ಇದೇನು ದೊಡ್ಡ ಮೊತ್ತವಲ್ಲ. ಜಿಲ್ಲಾ ಮಟ್ಟದ ಆಯ್ಕೆಯಲ್ಲೂ ಆ ಒಂದು ದಿನದ ಸ್ಥಾನವನ್ನಷ್ಟೇ ನೋಡದೆ ವರ್ಷದ ಅತ್ಯುತ್ತಮ ಮೂರು ಟೈಮ್ ನೋಡಲಿ.

ನಿಮ್ಮಲ್ಲಿ ಕೇಳುವುದೂ ಒಂದಿದೆ. ಇಂಥ ಕೂಟ ನಡೆದರೆ ಜಿಲ್ಲಾ ಪುಟದ ಮೂಲೆಯಲ್ಲಿ ಮೊದಲ ಆರು ಜನರ ಹೆಸರು, ಟೈಮ್ ಹಾಕಿ, ಮೂರನೆಯವಳದ್ದೂ, ಆರನೆಯವಳದ್ದೂ. ಪಟ್ಟಿ ತಯಾರು ಮಾಡಿ ಸಂಜೆ ಆರರೊಳಗೆ ನಿಮ್ಮ ಕಲಬುರಗಿ ಕಚೇರಿಗೆ ತಲುಪಿಸಲು ನನ್ನಂಥ ನಿವೃತ್ತ ಶಿಕ್ಷಕರು ನಾಲ್ಕೈದು ಮಂದಿ ತಯಾರಿದ್ದೇವೆ.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಸೇಡಂ ರಸ್ತೆ, ಕಲಬುರಗಿ