ಹಳಸಿದ ಊಟದ ಡಬ್ಬಿ

ಮಾನ್ಯರೇ,

ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಹಳ್ಳಿಯಿಂದ ಬಂದ ಪಿಯು ಹುಡುಗನೊಬ್ಬ ಬಾಡಿಗೆಗಿದ್ದ. ಮೊದಮೊದಲು ಸಂಜೆ ಕೆಳಗಿಳಿದು ನನ್ನ ಮಗನೊಂದಿಗೆ ಕ್ರಿಕೆಟ್ ಆಡುತ್ತಿದ್ದವನು ದೀಪಾವಳಿ ಕಳೆದ ಮೇಲೆ ಬಾಗಿಲು ಹಾಕಿಕೊಂಡೇ ಇರತೊಡಗಿದ. ಮೆಸ್‌ನ ಡಬ್ಬಿ ಹಾಗೇ ಹಳಸುತ್ತಿತ್ತು. ಓದಿನ ಒತ್ತಡವಿರಬೇಕು ಎಂದುಕೊಂಡೆ. ಹಾಜರಾತಿ ಕಡಿಮೆಯೆಂದು ಕಾಲೇಜಿನವರು ಫೋನ್ ಮಾಡಿದರು, ಅಪ್ಪ ಬಂದು ಬೈದು ಹೋದರು. ‘ಏನಾಗಿದೆ ಮಗಾ?’ ಎಂದು ನಾವ್ಯಾರೂ ಕೇಳಲಿಲ್ಲ. ಕೊನೆಗೆ ಓದು ಬಿಟ್ಟು ಊರು ಸೇರಿದ. ಆ ಕೋಣೆ ಗುಡಿಸುವಾಗ ಈಗಲೂ ಸಂಕಟವಾಗುತ್ತದೆ.

ಮಕ್ಕಳಿಗೆ ಜ್ವರ ಬಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುವ ನಾವು, ಮನಸ್ಸು ಕುಸಿದರೆ ‘ಸೊಕ್ಕು’ ಎನ್ನುತ್ತೇವೆ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನನಗೆ ಇದು ತಿಳಿದದ್ದು ಅವನು ಹೋದ ಮೇಲೆ. ದಾವಣಗೆರೆಯಲ್ಲಿ ರ‍್ಯಾಂಕ್ ಬಂದವರ ಫ್ಲೆಕ್ಸ್‌ಗಳಿಗೆ ಬರವಿಲ್ಲ. ಈ ಐದು ಅಂಕಿಗಳನ್ನೂ ಪ್ರತಿ ಹಾಸ್ಟೆಲ್, ಪಿಜಿ ಗೋಡೆಯ ಮೇಲೆ ಬರೆಸಿ. ಕಾಲೇಜಿಗೊಬ್ಬರು ಪೂರ್ಣಾವಧಿ ಆಪ್ತಸಮಾಲೋಚಕರು ಇರುವಂತೆ ಜಿಲ್ಲಾಡಳಿತ ನೋಡಿಕೊಳ್ಳಬೇಕು. ನಾನಂತೂ ಈಗಿರುವ ಇಬ್ಬರು ಹುಡುಗರನ್ನು ದಿನಾ ಸಂಜೆ ಮಾತಾಡಿಸುತ್ತಿದ್ದೇನೆ.

– ಓರ್ವ ಗೃಹಿಣಿ, ವಿದ್ಯಾನಗರ, ದಾವಣಗೆರೆ