ಹಿಂಗಾರಿನ ಕೈತೋಟ: ಪಾಲಕರಿಗೆ ಪತ್ರ

ಮಾನ್ಯ ಪಾಲಕರೇ,

ನಮಸ್ಕಾರ. ದಸರಾ ರಜೆ ಮುಗಿದು ಶಾಲೆ ಶುರುವಾಗಿದೆ. ನಮ್ಮ ವಿಜಯಪುರ ಭಾಗದಲ್ಲಿ ಸೊಪ್ಪು, ಮೂಲಂಗಿ ಹಾಕಲು ಶೀಗಿ ಹುಣ್ಣಿಮೆಯ ಆಸುಪಾಸು ಬಹಳ ಒಳ್ಳೆಯ ಕಾಲ. 5ರಿಂದ 7ನೇ ತರಗತಿಯ ಪ್ರತಿ ಮಗುವಿಗೂ ಮನೆಯಲ್ಲಿ ಒಂದು ಮಡಿ ಬಿಟ್ಟುಕೊಡಬೇಕೆಂದು ವಿನಂತಿ. 6 ಅಡಿ ಉದ್ದ, 3 ಅಡಿ ಅಗಲ ಸಾಕು. ಅದಕ್ಕಿಂತ ಅಗಲವಾದರೆ ಮಗುವಿನ ಕೈ ನಡುವಿಗೆ ಮುಟ್ಟುವುದಿಲ್ಲ, ಮಡಿ ತುಳಿಯುತ್ತದೆ.

ನಮ್ಮ ಕಪ್ಪು ಎರೆ ಮಣ್ಣಿಗೆ ಆತುರ ಆಗಿಬರುವುದಿಲ್ಲ. ಮಳೆ ಬಿದ್ದ ಮರುದಿನವೇ ಅಗೆದರೆ ಮಣ್ಣು ಗುದ್ದಲಿಗೆ ಮೆತ್ತಿಕೊಂಡು ಏಳುತ್ತದೆ, ಒಣಗಿದಾಗ ಇಟ್ಟಂಗಿಯಂಥ ಹೆಂಟೆಯಾಗುತ್ತದೆ. ಹೆಂಟೆಯ ಸಂದಿನಲ್ಲಿ ಬಿದ್ದ ಬೀಜಕ್ಕೆ ಮಣ್ಣು ತಾಗದು, ಮೊಳಕೆ ಬಾರದು. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಒಡೆದು ಚೂರಾದರೆ ಹದ ಬಂದಿದೆ. ಚಪ್ಪಟೆಯಾಗಿ ಕೂತರೆ ಇನ್ನೆರಡು ದಿನ ಕಾಯಿರಿ. ಅಗೆದ ಮೇಲೆ ಪೂರ್ತಿ ಕಳಿತ ತಿಪ್ಪೆಗೊಬ್ಬರ 4–5 ಕೆ.ಜಿ. ಬೆರೆಸಿ, ಮಡಿಯನ್ನು ಅರ್ಧ ಅಡಿ ಎತ್ತರಿಸಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬೇರು ತಿನ್ನುತ್ತದೆ.

ಮೆಂತ್ಯೆಯಿಂದ ಶುರು ಮಾಡಿ, ಮಕ್ಕಳಿಗೆ ಬೇಗ ಫಲ ಕಾಣುತ್ತದೆ. ರಾತ್ರಿ ನೆನೆಹಾಕಿ, ಗೇಣಿಗೊಂದು ಸಾಲು ಮಾಡಿ, ಅರ್ಧ ಇಂಚು ಆಳಕ್ಕೆ ಉದುರಿಸಿ. 25–30 ದಿನಕ್ಕೆ ಕೀಳಬಹುದು. ಎಲ್ಲವನ್ನೂ ಒಂದೇ ದಿನ ಬಿತ್ತದೆ 15 ದಿನಕ್ಕೊಂದು ಸಾಲು ಹಾಕಿದರೆ ಎಳ್ಳ ಅಮಾವಾಸ್ಯೆಯವರೆಗೂ ಪಲ್ಯ ಸಿಗುತ್ತದೆ. ಕೊತ್ತಂಬರಿಯ ಪ್ರತಿ ಕಾಳಿನಲ್ಲಿ ಎರಡು ಬೀಜ ಇರುವುದರಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿ. ಮೇಲೇಳಲು ಹತ್ತು-ಹನ್ನೆರಡು ದಿನ ಬೇಕು; ಬರಲಿಲ್ಲವೆಂದು ಕೆದರಬೇಡಿ. ಪಾಲಕ್ ಅನ್ನು ಬೇರುಸಹಿತ ಕೀಳದೆ ಎರಡು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಮೂಲಂಗಿಗೆ ಎರಡು-ಮೂರು ಎಲೆ ಬಂದಾಗ ನಾಲ್ಕು ಬೆರಳಿಗೊಂದು ಗಿಡ ಉಳಿಸಿ ಉಳಿದವನ್ನು ಕೀಳಬೇಕು, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕಿತ್ತ ಎಳೆಗಿಡ ಪಲ್ಯಕ್ಕಾಗುತ್ತದೆ. 45 ದಿನ ದಾಟಿಸಿದರೆ ಗಡ್ಡೆ ಬೆಂಡಾಗುತ್ತದೆ. ಗಜ್ಜರಿ (ಕ್ಯಾರೆಟ್) ಮೊದಲ ವರ್ಷ ಬೇಡ, ಬಿಗಿ ಎರೆಯಲ್ಲಿ ಬೇರು ಕವಲೊಡೆಯುತ್ತದೆ.

ಹೆಚ್ಚಿನ ಮಡಿಗಳು ಹಾಳಾಗುವುದು ಅತಿ ನೀರಿನಿಂದ. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಗಾಳಿ ಆಡುವುದಿಲ್ಲ. ಟೊಮೆಟೊ, ಬದನೆ ಸಸಿಗಳು ಮಣ್ಣಿನ ಮಟ್ಟದಲ್ಲಿ ಮೆತ್ತಗಾಗಿ, ಸಣಕಲಾಗಿ, ಒಂದೇ ರಾತ್ರಿಯಲ್ಲಿ ಮಲಗಿಬಿಟ್ಟರೆ ಅದು ಕೊಳೆರೋಗ. ಸತ್ತವನ್ನು ತೆಗೆದುಹಾಕಿ, ನೀರು ನಿಲ್ಲಿಸಿ, ಒತ್ತಾಗಿದ್ದಲ್ಲಿ ತೆಳುವು ಮಾಡಿ. ಮೊಳಕೆ ಬಂದ ಮೇಲೆ ಬೆರಳನ್ನು ಒಂದು ಇಂಚು ಇಳಿಸಿ ನೋಡಿ. ಹಸಿ ತಾಗಿದರೆ ಆ ದಿನ ನೀರು ಬೇಡ. ಹಾಕುವುದಾದರೆ ಬೆಳಗ್ಗೆಯೇ ಹಾಕಿ. ಬೋರ್ ನೀರು ಸವಳಾಗಿದ್ದು ಮಡಿಯ ಮೇಲೆ ಬಿಳಿ ಪದರು ಕಟ್ಟಿದರೆ ಮೂಲಂಗಿ ಬಿಟ್ಟು ಪಾಲಕ್ ಹಾಕಿ, ಅದು ಸವಳನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ದ್ರಾಕ್ಷಿಗೋ ದಾಳಿಂಬೆಗೋ ತಂದು ಉಳಿದ ಔಷಧಿಯನ್ನು ಈ ಮಡಿಗೆ ಹೊಡೆಯಬೇಡಿ. ಸೊಪ್ಪನ್ನು ತಿಂಗಳೊಳಗೆ ಕಿತ್ತು ತಿನ್ನುತ್ತೇವೆ, ವಿಷ ಮಗುವಿನ ತಟ್ಟೆಗೇ ಬರುತ್ತದೆ. ಎಲೆಗೆ ಹೇನು (ರಸ ಹೀರುವ ಸಣ್ಣ ಹುಳು) ಬಿದ್ದರೆ ಒಣಗಿದ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಹಿಂಡಿ. ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ದೊಡ್ಡವರೇ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ. ಅಂಗಡಿಯ ಬೀಜಕ್ಕೆ ಬಣ್ಣ ಹಚ್ಚಿದ್ದರೆ ಅದು ಔಷಧಿಯೇ, ಮುಟ್ಟಿದ ಮೇಲೆ ಮಕ್ಕಳ ಕೈ ತೊಳೆಸಿ.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೆಂತ್ಯೆ, ಪಾಲಕ್, ಮೂಲಂಗಿ ಬೀಜ ಹಂಚುತ್ತೇವೆ, ಕಾಗದದ ಪೊಟ್ಟಣ ಕೊಟ್ಟು ಕಳಿಸಿ. ಯಾರ ಮನೆಯಲ್ಲಾದರೂ ಹಕ್ಕರಿಕೆ ಸೊಪ್ಪಿನ ಬೀಜ ಕಾಯ್ದಿಟ್ಟಿದ್ದರೆ ಒಂದು ಹಿಡಿ ಶಾಲೆಗೂ ಕೊಡಿ, ಬೇರೆ ಮಕ್ಕಳಿಗೂ ಹಂಚುತ್ತೇವೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ