ಸೈಫನ್ ಸರಿ ಮಾಡಿಕೊಟ್ಟ ಪುಣ್ಯಾತ್ಮರಿಗೆ

ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ಹಾಗಾಗಿ ಥ್ಯಾಂಕ್ಸ್ ಇಲ್ಲೇ ಹೇಳ್ತೀನಿ.

ಮೀನಿನ ನೀರಲ್ಲೇ ಗಿಡ ಬೆಳೆಸೋ ಅಕ್ವಾಪೋನಿಕ್ಸ್‌ಗೆ ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿ ತುಂಬಿದ ಗಿಡದ ತೊಟ್ಟಿ, ಪಂಪು ಎಲ್ಲ ಸಿದ್ಧವಿತ್ತು. ಮೇಲಿನ ತೊಟ್ಟಿ ತುಂಬಿದಾಗ ನೀರನ್ನು ತಾನಾಗಿಯೇ ಕೆಳಗಿಳಿಸುವ ಬೆಲ್ ಸೈಫನ್ ಮಾತ್ರ ಹಟ ಹಿಡಿದಿತ್ತು. ನೀರು ಒಳಗಿನ ಪೈಪಿನ ಅಂಚಿಗೆ ಬಂದು ಸುಮ್ನೆ ತೊಟ್ಟಿಕ್ಕುತ್ತಿತ್ತು, ಒಮ್ಮೆಲೇ ಎಳೆದುಕೊಳ್ಳುತ್ತಿರಲಿಲ್ಲ. ನೀವು ಬಗ್ಗಿ ನೋಡಿ, ವಾಲ್ವ್ ತಿರುಗಿಸಿ ಹರಿವು ಜಾಸ್ತಿ ಮಾಡಿದಿರಿ. ಕೆಳಗಿನ ಪೈಪಿನ ತುದಿಗೆ ಒಂದು ಬಾಗಿದ ಎಲ್ಬೋ ಸಿಕ್ಕಿಸಿದಿರಿ. ಗುಳುಗುಳು ಅಂತ ತೊಟ್ಟಿ ಖಾಲಿ!

ಅದಕ್ಕಿಂತ ದೊಡ್ಡ ಉಪಕಾರ, ಅವತ್ತೇ ಮೀನು ಬಿಡದಂತೆ ತಡೆದದ್ದು. ಮೀನಿನ ತ್ಯಾಜ್ಯದಿಂದ ಬಂದು ಮೀನಿಗೇ ವಿಷವಾಗುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಜಲ್ಲಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಅಲ್ಲಿತನಕ ಅವಕ್ಕೆ ಆಹಾರವಾಗಿ ಹನಿ ಹನಿ ಅಮೋನಿಯಾ ಹಾಕ್ತಿರಿ ಅಂದಿರಿ. ಕಾದೆ, ಗೊಣಗಿಕೊಂಡೇ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನು ಬಿಟ್ಟೆ. ಒಂದೂ ಸತ್ತಿಲ್ಲ ಸಾರ್.